ಎರವಲು ಕಂಠವೆಂಬ ಮಾತು

ಗುರುವಾರದಂದು ಮಂತ್ರಾಲಯದ ಬೀದಿಯಲ್ಲಿ ನಡೆಯುವವರ ಕಿವಿಗೆ ಒಂದಲ್ಲ ಒಂದು ಅಂಗಡಿಯಿಂದ ರಾಯರ ಹಾಡು ಬೀಳುತ್ತದೆ. ಆ ಹಾಡುಗಳಲ್ಲಿ ಕೆಲವು ರಾಜಕುಮಾರ್ ತಾವೇ ಹಾಡಿದ ಭಕ್ತಿಗೀತೆಗಳು. ಇನ್ನು ಕೆಲವು ಅದಕ್ಕಿಂತ ಹಳೆಯವು, 1966ರಲ್ಲಿ ತೆರೆಕಂಡ 'ಮಂತ್ರಾಲಯ ಮಹಾತ್ಮೆ'ಯ ಕಾಲದವು. ಆ ಚಿತ್ರದಲ್ಲಿ ರಾಘವೇಂದ್ರ ಸ್ವಾಮಿಗಳಾಗಿ ಕಾಣಿಸಿಕೊಂಡವರು ರಾಜಕುಮಾರ್. ಅವರಿಗೆ ಕಂಠ ಕೊಟ್ಟವರು ಪಿ.ಬಿ. ಶ್ರೀನಿವಾಸ್. ಎರಡು ಕಂಠಗಳ ನಡುವಣ ಅಂತರ ಸಣ್ಣದಲ್ಲ. ಒಂದು ತಗ್ಗಿದ ಸ್ಥಾಯಿಯಲ್ಲಿ ಮೆಲ್ಲನೆ ಹರಿಯುವಂಥದು. ಇನ್ನೊಂದು ನಾಟಕದ ರಂಗಸ್ಥಳದಿಂದ ಹಿಂದಿನ ಸಾಲಿನವರೆಗೆ ತಲುಪಬೇಕೆಂದು ಪಳಗಿದುದು. ಆದರೂ ತುಂಗಭದ್ರೆಯಲ್ಲಿ ಮಿಂದು ಬರುವ ಯಾತ್ರಿಕನನ್ನು ಕೇಳಿದರೆ ಎರಡಕ್ಕೂ ಉತ್ತರ ಒಂದೇ: 'ರಾಜಕುಮಾರ್ ಹಾಡು.'

ಯಾತ್ರಿಕನು ಹಾಗೆಂದರೆ ಅದರಲ್ಲಿ ದೋಷವಿಲ್ಲ. ಅವನು ಬಂದುದು ರಾಯರ ದರ್ಶನಕ್ಕೆ, ಗಾಯಕರ ಪತ್ತೆಗಲ್ಲ. ಕವಿ ಯಾರು, ಅಂಕಿತ ಯಾವುದು, ಪಾಠಾಂತರವೆಲ್ಲಿದೆ ಎಂದು ವಿಚಾರಿಸುವುದನ್ನೇ ವ್ಯಾಸಂಗವಾಗಿ ಮಾಡಿಕೊಂಡ ಐಚ್ಛಿಕ ಕನ್ನಡದ ವಿದ್ಯಾರ್ಥಿಯೂ ಹಾಗೆಯೇ ಹೇಳಿದರೆ ಮಾತ್ರ ಅದು ಲೋಪ. ಏಕೆಂದರೆ ಈ ಎರಡು ಕಂಠಗಳ ಹಿಂದೆ, ಒಬ್ಬ ಗಾಯಕನ ಸ್ಥಾನಕ್ಕೆ ಇನ್ನೊಬ್ಬ ಬಂದುದರ ಕಥೆಯಿದೆ. ಆ ಕಥೆಯನ್ನು ಕನ್ನಡದಲ್ಲಿ ಸಾಮಾನ್ಯವಾಗಿ ಹೇಳುವ ಕ್ರಮವೇ ತಲೆಕೆಳಗಾಗಿದೆ.

ರೂಢಿಯ ಕಥನ ಹೀಗಿದೆ. ರಾಜಕುಮಾರರಿಗೆ ಮೊದಲು ಶ್ರೀನಿವಾಸರು ಹಾಡುತ್ತಿದ್ದರು. 1974ರಲ್ಲಿ 'ಸಂಪತ್ತಿಗೆ ಸವಾಲ್' ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಅವರ ಸಂಗೀತದಲ್ಲಿ 'ಯಾರೇ ಕೂಗಾಡಲಿ' ಗೀತೆಯನ್ನು ರಾಜಕುಮಾರ್ ತಾವೇ ಹಾಡಿದರು. ಅಲ್ಲಿಂದ ಮುಂದೆ ನಟನಿಗೆ ಸ್ವಂತ ಕಂಠ ದೊರೆಯಿತು, ಎರವಲಿನ ಕಾಲ ಮುಗಿಯಿತು. ಈ ಕಥನದಲ್ಲಿ ವರ್ಷವೂ ಸರಿ, ಚಿತ್ರವೂ ಸರಿ. 'ಎರವಲು' ಎಂಬ ಮಾತು ಮಾತ್ರ ಸರಿಯಲ್ಲ. ಆ ಒಂದು ಮಾತಿನಿಂದ ಇಬ್ಬರಿಗೂ ಅನ್ಯಾಯವಾಗಿದೆ; ಶ್ರೀನಿವಾಸರಿಗೆ ಹೆಚ್ಚು, ರಾಜಕುಮಾರರಿಗೆ ಕಡಿಮೆ.

ಮೊದಲು ರಾಜಕುಮಾರರ ವಿಷಯ. ಅವರು ಬಂದುದು ವೃತ್ತಿ ನಾಟಕ ಕಂಪೆನಿಗಳಿಂದ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪೆನಿಯಲ್ಲಿ ಹೆಸರಾಂತ ನಟರು. ಮಗ ಮುತ್ತುರಾಜನೂ ಅದೇ ಅಂಗಳದಲ್ಲಿ ಬೆಳೆದವನು. ಆ ಕಾಲದ ಕಂಪೆನಿ ನಾಟಕದಲ್ಲಿ ಹಾಡಲಾರದ ನಟನಿಗೆ ದೊಡ್ಡ ಪಾತ್ರ ದಕ್ಕುತ್ತಿರಲಿಲ್ಲ. ಕಂದವಾಗಲಿ ವೃತ್ತವಾಗಲಿ ರಂಗಗೀತೆಯಾಗಲಿ, ಎಲ್ಲವನ್ನೂ ಪಾತ್ರಧಾರಿಯೇ ಹಾಡಬೇಕು. ಹಾರ್ಮೋನಿಯಂ ಮಾಸ್ತರರು ಶ್ರುತಿ ಕೊಟ್ಟಾರು, ಗಂಟಲು ಕೊಡಲಾರರು. ಈ ಸಂಪ್ರದಾಯ ಆದೋನಿ ಸೀಮೆಗೆ ಹೊರಗಿನದಲ್ಲ. 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಬಳ್ಳಾರಿಯೋ ಬಳ್ಳಾರಿ ರಾಘವರ ಊರು, ಕನ್ನಡ ತೆಲುಗುಗಳೆರಡರಲ್ಲೂ ರಂಗಭೂಮಿ ಬೆಳೆದ ನೆಲ. ಬಳ್ಳಾರಿಯ ಸುಭದ್ರಮ್ಮ ಮನ್ಸೂರರು ತೀರ ಈಚಿನವರೆಗೂ ರಂಗಗೀತೆಯನ್ನು ಉಳಿಸಿಕೊಂಡು ಬಂದರು. ನಟ ಬೇರೆ, ಗಾಯಕ ಬೇರೆ ಎಂಬ ವಿಭಜನೆ ಆ ರಂಗಕ್ಕೆ ತಿಳಿಯದು.

ವಿಭಜನೆ ಬಂದುದು ಸಿನಿಮಾದ ಧ್ವನಿಮುದ್ರಣದೊಂದಿಗೆ. ಹಾಡನ್ನು ಮೊದಲೇ ಮುದ್ರಿಸಿಟ್ಟು ಆಮೇಲೆ ತುಟಿ ಹೊಂದಿಸಿ ಚಿತ್ರೀಕರಿಸುವ ವಿಧಾನ ನೆಲೆಗೊಂಡ ಮೇಲೆ ಹಾಡುವವನು ನಟನೇ ಆಗಬೇಕಾಗಿರಲಿಲ್ಲ. 1954ರ 'ಬೇಡರ ಕಣ್ಣಪ್ಪ'ದಲ್ಲಿ ಕಣ್ಣಪ್ಪನ ಮುಖ ರಾಜಕುಮಾರರದು, ಹಾಡಿದ ಕಂಠ ಬೇರೆಯವರದು. ಹಾಗೆಂದು ಅವರ ಗಂಟಲು ಅಲ್ಲಿಗೆ ಮುಚ್ಚಿಹೋಗಲಿಲ್ಲ. 1956ರ 'ಓಹಿಲೇಶ್ವರ'ದಲ್ಲಿ ಹಾಡಿದರು. 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್. ಜಾನಕಿಯವರೊಂದಿಗೆ ಯುಗಳಗೀತೆ ಹಾಡಿದರು. ಆದುದರಿಂದ 1974ರಲ್ಲಿ ಆದುದು ಬದಲಿ ಗಾಯಕನ ಆಗಮನವಲ್ಲ. ಕಾಲಕ್ರಮವನ್ನು ಕಟ್ಟುನಿಟ್ಟಾಗಿ ಹಿಡಿದರೆ ಬದಲಿಯಾಗಿ ಬಂದವರು ಶ್ರೀನಿವಾಸರು. ಮೊದಲಿನವನೇ ಮರಳಿ ಬಂದುದು 1974ರಲ್ಲಿ. ಕನ್ನಡಿಗರು ಯಾರನ್ನು 'ಹಳೆಯ ಕಂಠ'ವೆಂದು ನೆನೆಯುತ್ತಾರೋ ಅವರು ನಡುವೆ ಬಂದವರು, ಯಾರನ್ನು 'ಆಮೇಲಿನ ಕಂಠ' ಎನ್ನುತ್ತಾರೋ ಅವರು ಮೊದಲಿನವರು.

ಇಷ್ಟು ಹೇಳಿದೊಡನೆ ಒಂದು ಅಪಾಯ ಎದುರಾಗುತ್ತದೆ. ಮೊದಲಿನವರೇ ಮರಳಿ ಬಂದರೆಂದ ಮೇಲೆ ನಡುವಿನ ಕಾಲವೆಲ್ಲ ಕಾದಿರಿಸಿದ ಕುರ್ಚಿಯ ಕಾಲ, ಶ್ರೀನಿವಾಸರು ಕುರ್ಚಿ ಕಾಯ್ದವರು ಎಂದು ಯಾರಾದರೂ ತೀರ್ಮಾನಿಸಿಯಾರು. ಭರತನು ಪಾದುಕೆಯನ್ನಿಟ್ಟುಕೊಂಡು ಕಾಯ್ದಂತೆ ಎಂಬ ಹೋಲಿಕೆಯೂ ಥಟ್ಟನೆ ಹೊಳೆದೀತು. ಹೋಲಿಕೆ ಚೆನ್ನಾಗಿದೆ, ಆದರೆ ಇಲ್ಲಿಗೆ ಒಪ್ಪದು. ಭರತನು ಆಳಿದ್ದು ಅಣ್ಣನ ಹೆಸರಿನಲ್ಲಿ, ಅಣ್ಣನಂತೆ. ಶ್ರೀನಿವಾಸರು ರಾಜಕುಮಾರರಂತೆ ಹಾಡಲಿಲ್ಲ. ರಾಜಕುಮಾರರೇ ಹಾಡಿದ್ದರೆ ಹುಟ್ಟುತ್ತಿರದಿದ್ದ ಒಂದು ರಾಜಕುಮಾರತ್ವವನ್ನು ಹುಟ್ಟಿಸಿದರು.

ಪ್ರತಿವಾದಿ ಭಯಂಕರ ಶ್ರೀನಿವಾಸರು ಹುಟ್ಟಿದ್ದು 1930ರ ಸೆಪ್ಟೆಂಬರ್ 22ರಂದು, ಗೋದಾವರಿ ಸೀಮೆಯ ಕಾಕಿನಾಡದಲ್ಲಿ. ಮನೆಮಾತು ತೆಲುಗು. ಮೊದಲು ಸಿನಿಮಾಕ್ಕೆ ಹಾಡಿದ್ದು 1952ರಲ್ಲಿ, ಹಿಂದಿಯ 'ಮಿಸ್ಟರ್ ಸಂಪತ್' ಚಿತ್ರಕ್ಕೆ. ಬಾಳಿದ್ದು ಮದರಾಸಿನಲ್ಲಿ, ತೀರಿಕೊಂಡದ್ದೂ ಅಲ್ಲಿಯೇ, 2013ರ ಏಪ್ರಿಲ್ 14ರಂದು. ಹಲವು ಭಾಷೆಗಳಲ್ಲಿ ಹಾಡಿದರು, ಹಲವು ಭಾಷೆಗಳಲ್ಲಿ ಪದ್ಯ ಬರೆದರು. ಜೇಬಿನಲ್ಲಿ ಬಣ್ಣಬಣ್ಣದ ಪೆನ್ನುಗಳನ್ನಿಟ್ಟುಕೊಂಡು ಮದರಾಸಿನ ವುಡ್‌ಲ್ಯಾಂಡ್ಸ್ ಹೋಟೆಲಿನಲ್ಲಿ ಬರೆಯುತ್ತ ಕುಳಿತಿರುತ್ತಿದ್ದ ಅವರ ಚಿತ್ರ ಅನೇಕರ ನೆನಪಿನಲ್ಲಿದೆ. ಎಲ್ಲಿ ಹಾಡಿದರೂ ಅವರು ನೆಲೆಯೂರಿದ್ದು ಕನ್ನಡದಲ್ಲಿ. 1960ರ 'ಭಕ್ತ ಕನಕದಾಸ' ಬಂದ ಮೇಲೆ ರಾಜಕುಮಾರರ ಮುಖವೂ ಶ್ರೀನಿವಾಸರ ಕಂಠವೂ ಒಂದೇ ವ್ಯಕ್ತಿಯಾಗಿ ಹೋದವು. ಶರೀರ, ಶಾರೀರ ಎಂಬ ಜೋಡಿ ಮಾತು ಈ ಇಬ್ಬರ ಪ್ರಸ್ತಾಪ ಬಂದಾಗಲೆಲ್ಲ ಕನ್ನಡದಲ್ಲಿ ಕೇಳಿಬರುವುದು ಅದಕ್ಕಾಗಿಯೇ. ಒಂದು ದೀರ್ಘದ ಅಂತರದಲ್ಲಿ ಇಬ್ಬರು ನಿಂತಿದ್ದಾರೆ.

ಅವರ ಕನ್ನಡದ ಉಚ್ಚಾರಣೆಯನ್ನು ಭಾಷಾಶಾಸ್ತ್ರದ ಪಾಠಕ್ಕೆ ಇಟ್ಟುಕೊಳ್ಳಬಹುದು. ಅಕಾರ ಹಕಾರಗಳು ಎಲ್ಲಿಯೂ ಒಂದಕ್ಕೊಂದು ತಾಗುವುದಿಲ್ಲ. ಲಕಾರ ಳಕಾರಗಳು ತಮ್ಮ ತಮ್ಮ ಸ್ಥಾನದಲ್ಲಿವೆ. ಒತ್ತಕ್ಷರ ಬಂದಾಗ ರಾಗದ ಓಟಕ್ಕಾಗಿ ಅದನ್ನು ಸಡಿಲಿಸಿದ್ದು ವಿರಳ. ಪದದ ಕೊನೆಯ ಉಕಾರವನ್ನು ನುಂಗದೆ ಎಳೆಯದೆ, ಇದ್ದೂ ಇಲ್ಲದಂತೆ ಮುಟ್ಟಿ ಬಿಡುವ ಕ್ರಮ ಮನೆಮಾತಿನವರಿಗೂ ಸುಲಭವಲ್ಲ. ಇಂಥ ಕಂಠವನ್ನು 'ಎರವಲು' ಎನ್ನಬೇಕಾದರೆ, ಕನ್ನಡವು ಹುಟ್ಟಿನಿಂದ ಬರುವ ಸೊತ್ತು, ಸಾಧನೆಯಿಂದ ಬರುವುದಲ್ಲ ಎಂದು ಒಪ್ಪಬೇಕಾಗುತ್ತದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿ ಅದನ್ನು ಒಪ್ಪಿದರೆ, ತಾನು ಮೂರು ವರ್ಷ ಮಾಡುತ್ತಿರುವ ಕೆಲಸವೇನು ಎಂಬ ಪ್ರಶ್ನೆಗೆ ಮೊದಲು ಉತ್ತರ ಕಂಡುಕೊಳ್ಳಬೇಕು.

'ಮಂತ್ರಾಲಯ ಮಹಾತ್ಮೆ'ಯನ್ನೇ ನೋಡಬಹುದು. ಟಿ.ವಿ. ಸಿಂಗ್ ಠಾಕೂರರ ನಿರ್ದೇಶನ, ರಾಜನ್-ನಾಗೇಂದ್ರರ ಸಂಗೀತ. ಕಥೆ ಈ ಸೀಮೆಯದು: ಆದೋನಿಯ ನವಾಬ ಸಿದ್ದಿ ಮಸೂದ್ ಖಾನನು ಯತಿಗಳಿಗೆ ಮಂಚಾಲೆ ಗ್ರಾಮವನ್ನು ಬಿಟ್ಟುಕೊಟ್ಟನೆಂಬ ಐತಿಹ್ಯ ಆದೋನಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂನ್ಯಾಸಿಯ ಪಾತ್ರದಲ್ಲಿ ಹಾಡುವವನಿಗೆ ದೊಡ್ಡ ತೊಡಕೊಂದಿದೆ. ಭಾವ ಹೆಚ್ಚಾದರೆ ಸಂನ್ಯಾಸ ಕೆಡುತ್ತದೆ, ಭಾವ ಕಡಿಮೆಯಾದರೆ ಹಾಡು ಕೆಡುತ್ತದೆ. ಶ್ರೀನಿವಾಸರ ತಗ್ಗು ದನಿಗೆ ಆ ನಡುವಿನ ಇಕ್ಕಟ್ಟಾದ ದಾರಿ ತಿಳಿದಿತ್ತು. ಅದೇ ಹಾಡುಗಳನ್ನು 1966ರಲ್ಲಿ ರಾಜಕುಮಾರ್ ತಾವೇ ಹಾಡಿದ್ದರೆ? ಕಂಪೆನಿ ನಾಟಕದ ಕಂಠಕ್ಕೆ ಹಿರಣ್ಯಕಶಿಪು ಒಲಿದಷ್ಟು ಸುಲಭವಾಗಿ ಯತಿ ಒಲಿಯುತ್ತಿರಲಿಲ್ಲ. ಅನಂತರದ ವರ್ಷಗಳಲ್ಲಿ ಅವರು ರಾಯರ ಮೇಲೆ ಹಾಡಿದ ಭಕ್ತಿಗೀತೆಗಳು ಜನಪ್ರಿಯವಾದುದೇನೋ ನಿಜ. ಆದರೆ ಅವುಗಳಲ್ಲಿ ಹಾಡುವವನು ರಾಯರಲ್ಲ, ರಾಯರ ಭಕ್ತ. ಭಕ್ತನಿಗೆ ಆ ತುಂಬುಕಂಠ ಒಪ್ಪುತ್ತದೆ.

ತೆಲುಗು ನೆಲದಿಂದ ಬಂದ ಕಂಠ ರಾಜಕುಮಾರರಿಗೆ ಇದೊಂದೇ ಅಲ್ಲ. 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ಘಂಟಸಾಲರೂ ಹಾಡಿದ್ದಾರೆ. ಇದನ್ನು ಹಿಡಿದುಕೊಂಡು ಆಂಧ್ರದ ಹಿರಿಮೆ ಸಾರಲು ಹೊರಡುವುದು ಬೇಡ. ಕಾಕಿನಾಡಕ್ಕೂ ಆದೋನಿಗೂ ಇರುವ ದೂರ ಆದೋನಿಗೂ ಬೆಂಗಳೂರಿಗೂ ಇರುವುದಕ್ಕಿಂತ ಬಹಳ ಹೆಚ್ಚು. ಗಮನಿಸಬೇಕಾದುದು ಇಷ್ಟೇ: ಕನ್ನಡದ ಅಭಿಮಾನಕ್ಕೆ ಪ್ರತೀಕವಾದ ಮುಖವೊಂದು ಹದಿನಾಲ್ಕು ವರ್ಷ ಕಾಲ ಹಾಡಿದ್ದು ಬಹುಮಟ್ಟಿಗೆ ತೆಲುಗು ಮನೆಮಾತಿನವರೊಬ್ಬರ ಕಂಠದಲ್ಲಿ, ಮತ್ತು ಆ ಹದಿನಾಲ್ಕು ವರ್ಷ ಕನ್ನಡಿಗರು ಅದನ್ನು ಅನ್ಯವೆಂದು ಕೇಳಲಿಲ್ಲ. ಎರವಲೆಂಬ ಮಾತು ಆಗ ಹುಟ್ಟಲಿಲ್ಲ. ಅದು ಆಮೇಲೆ ಹುಟ್ಟಿದ್ದು, ಹೊಸತನ್ನು ಹೊಗಳುವ ಉತ್ಸಾಹದಲ್ಲಿ.

1974ರ ಬದಲಾವಣೆಯನ್ನು ಈಗ ಹತ್ತಿರದಿಂದ ನೋಡಬೇಕು. 'ಸಂಪತ್ತಿಗೆ ಸವಾಲ್' ಮೂಲತಃ ಪಿ.ಬಿ. ಧುತ್ತರಗಿಯವರ ನಾಟಕ, ಉತ್ತರ ಕರ್ನಾಟಕದ ಕಂಪೆನಿಗಳಲ್ಲಿ ಹೆಸರು ಮಾಡಿದ ನಾಟಕ. ನಾಯಕ ಹಳ್ಳಿಯ ಒರಟ, ಎಮ್ಮೆಯ ಮೇಲೆ ಕುಳಿತು ಹಾಡುತ್ತಾನೆ. ಆ ಒರಟನಿಗೆ ಶ್ರೀನಿವಾಸರ ಮೃದುತ್ವ ಅಷ್ಟಾಗಿ ಒಗ್ಗುತ್ತಿರಲಿಲ್ಲ ಎಂದರೆ ಅವರ ಅಭಿಮಾನಿಗಳೂ ಒಪ್ಪಿಯಾರು. ರಂಗಭೂಮಿಯಿಂದ ಬಂದ ಕಥೆ ರಂಗಭೂಮಿಯಿಂದ ಬಂದ ನಟನ ರಂಗಕಂಠವನ್ನು ಹೊರಗೆಳೆಯಿತು. ಇದನ್ನು ಯಾರೋ ಯಾರನ್ನೋ ಪದಚ್ಯುತಗೊಳಿಸಿದ ಪ್ರಸಂಗವೆಂದು ಓದುವುದಕ್ಕಿಂತ, ಪಾತ್ರವು ತನಗೆ ಬೇಕಾದ ದನಿಯನ್ನು ಹುಡುಕಿಕೊಂಡ ಪ್ರಸಂಗವೆಂದು ಓದುವುದು ಹೆಚ್ಚು ಸರಿ.

ಇಂಥದೇ ಪ್ರಸಂಗಗಳು ದೂರದ ರಾಕ್ ಸಂಗೀತದ ಮೇಳಗಳಲ್ಲಿಯೂ ನಡೆದಿವೆ. ಇಂಗ್ಲೆಂಡಿನ ಜೆನೆಸಿಸ್ ತಂಡದ ಮುಖ್ಯ ಗಾಯಕ ಪೀಟರ್ ಗೇಬ್ರಿಯಲ್ 1975ರಲ್ಲಿ ತಂಡ ತೊರೆದಾಗ ಉಳಿದವರು ಅನೇಕ ಹೊಸ ಗಾಯಕರನ್ನು ಕರೆಸಿ ಪರೀಕ್ಷಿಸಿದರು. ಯಾರೂ ಒಪ್ಪಿಗೆಯಾಗದೆ ಕೊನೆಗೆ ಹಿಂದೆ ಕುಳಿತು ಡ್ರಮ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸ್ ಮುಂದೆ ಬಂದು ಹಾಡಿದ. ಬೇಕಾದ ಕಂಠ ಮನೆಯೊಳಗೇ ಇತ್ತು. ರಾಜಕುಮಾರರ ಕಥೆಗೆ ಇದು ತೀರ ಹತ್ತಿರದ್ದು. ಅಮೆರಿಕದ ಜರ್ನಿ ತಂಡ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು: ಹಳೆಯ ಗಾಯಕ ಸ್ಟೀವ್ ಪೆರಿಯ ಹಾಡುಗಳನ್ನು ಹಾಗೆಯೇ ಹಾಡಬಲ್ಲವನನ್ನು ಹುಡುಕಿ, 2007ರಲ್ಲಿ ಫಿಲಿಪ್ಪೀನ್ಸಿನ ಆರ್ನೆಲ್ ಪಿನೇಡಾ ಎಂಬವನನ್ನು ಯೂಟ್ಯೂಬಿನಲ್ಲಿ ಕಂಡುಹಿಡಿಯಿತು. ಕ್ವೀನ್ ತಂಡದ ರೀತಿ ಮೂರನೆಯದು. 1991ರಲ್ಲಿ ಫ್ರೆಡ್ಡಿ ಮರ್ಕ್ಯುರಿ ತೀರಿಕೊಂಡ ಮೇಲೆ ಬೇರೆ ಗಾಯಕರೊಂದಿಗೆ ವೇದಿಕೆಯೇರುವಾಗ ತಂಡದವರು ತಮ್ಮ ಹೆಸರಿನ ಮುಂದೆ ಒಂದು ಕೂಡಿಸುವ ಚಿಹ್ನೆಯಿಟ್ಟು ಹೊಸಬನ ಹೆಸರನ್ನು ಬೇರೆಯಾಗಿಯೇ ಬರೆದರು. ಮರ್ಕ್ಯುರಿಯ ಸ್ಥಾನ ಖಾಲಿಯಾಗಿಯೇ ಉಳಿಯಿತು, ಹೊಸಬನೂ ತನ್ನ ಹೆಸರಿನಲ್ಲಿಯೇ ನಿಂತ. ಸತ್ತವರಿಗೂ ಇದ್ದವರಿಗೂ ಮರ್ಯಾದೆ ಉಳಿಸುವ ಈ ಚಿಕ್ಕ ಚಿಹ್ನೆ ಕನ್ನಡದ ಸಿನಿಮಾ ಲೋಕಕ್ಕೆ ತೋಚಲಿಲ್ಲ.

ತೋಚಲಿಲ್ಲವೆಂದರೂ, ಕೆಲವು ವರ್ಷ ಎರಡೂ ಕಂಠಗಳು ಅಕ್ಕಪಕ್ಕದಲ್ಲಿ ಬಾಳಿದವೆಂಬುದನ್ನು ಮರೆಯಲಾಗದು. 1975ರ 'ಮಯೂರ'ದಲ್ಲಿ ಕದಂಬ ಕುಲದ ಅದೇ ವೀರನಿಗೆ ಒಂದು ಗೀತೆಯಲ್ಲಿ ಶ್ರೀನಿವಾಸರ ದನಿ, ಇನ್ನೊಂದರಲ್ಲಿ ರಾಜಕುಮಾರರದೇ ದನಿ. ಪ್ರೇಕ್ಷಕರಾರೂ ಎದ್ದು ನಿಂತು 'ಇದೇನು, ಮಯೂರವರ್ಮನಿಗೆ ಎರಡು ಗಂಟಲೇ' ಎಂದು ಕೇಳಲಿಲ್ಲ. ಕಿವಿಯ ಔದಾರ್ಯ ಕೆಲವೊಮ್ಮೆ ಬುದ್ಧಿಯ ಔದಾರ್ಯಕ್ಕಿಂತ ದೊಡ್ಡದು.

ಇದಕ್ಕಿಂತಲೂ ವಿಚಿತ್ರವಾದುದು 1977ರ 'ಬಬ್ರುವಾಹನ'. ಹುಣಸೂರು ಕೃಷ್ಣಮೂರ್ತಿಯವರ ಈ ಚಿತ್ರದಲ್ಲಿ ಅರ್ಜುನನೂ ರಾಜಕುಮಾರರೇ, ಮಗ ಬಬ್ರುವಾಹನನೂ ರಾಜಕುಮಾರರೇ. ತಂದೆ ಮಗ ರಣಾಂಗಣದಲ್ಲಿ ಎದುರುಬದುರಾಗಿ ಹಾಡಿನಲ್ಲಿಯೇ ಹೀಯಾಳಿಸಿಕೊಳ್ಳುವ ಗೀತೆಯೊಂದಿದೆ, ಟಿ.ಜಿ. ಲಿಂಗಪ್ಪನವರ ಸಂಗೀತ. ಆ ಗೀತೆಯನ್ನು ಹಾಡಿದವರು ಇಬ್ಬರು: ಪಿ.ಬಿ. ಶ್ರೀನಿವಾಸ್ ಮತ್ತು ರಾಜಕುಮಾರ್. ಒಂದೇ ಮುಖ ಎರಡಾಗಿ ನಿಂತು, ಹಿಂದಿನ ಕಂಠವೂ ಇಂದಿನ ಕಂಠವೂ ಬಾಣಕ್ಕೆ ಬಾಣದಂತೆ ಸಾಲಿಗೆ ಸಾಲು ಎಸೆಯುತ್ತವೆ. ಯಾರೂ ಉದ್ದೇಶಪೂರ್ವಕವಾಗಿ ಇಂಥ ರೂಪಕವನ್ನು ಕಟ್ಟಿರಲಾರರು. ದ್ವಿಪಾತ್ರಕ್ಕೆ ಎರಡು ದನಿ ಬೇಕಾಗಿತ್ತು, ಎರಡು ದನಿ ಕೈಯಳತೆಯಲ್ಲಿದ್ದವು, ಬಳಸಿಕೊಂಡರು. ಆದರೂ ಒಂದು ಸ್ಥಾನಕ್ಕೆ ಬಂದ ಇಬ್ಬರು ಗಾಯಕರು ಆ ಸ್ಥಾನದ ಹೆಸರಿನಲ್ಲಿಯೇ ಹೀಗೆ ಎದುರಾದ ನಿದರ್ಶನ ರಾಕ್ ಮೇಳಗಳಲ್ಲಿಯೂ ಸುಲಭವಾಗಿ ಸಿಗದು.

ಬಬ್ರುವಾಹನನ ಕಥೆಯನ್ನು ಲಕ್ಷ್ಮೀಶನ 'ಜೈಮಿನಿ ಭಾರತ'ದಲ್ಲಿ ಓದಿದವರಿಗೆ ಮುಂದಿನ ಭಾಗವೂ ಗೊತ್ತು. ಮಗನ ಬಾಣಕ್ಕೆ ತಂದೆಯ ತಲೆ ಉರುಳುತ್ತದೆ. ಅಲ್ಲಿಗೆ ಮಗನು ಗೆದ್ದನೆಂದು ಕವಿ ಕಥೆ ಮುಗಿಸುವುದಿಲ್ಲ. ತಂದೆಯನ್ನು ಬದುಕಿಸುವ ಮಣಿಗಾಗಿ ಪಾತಾಳದ ನಾಗರೊಡನೆ ಹೋರಾಡಬೇಕಾದವನೂ ಮಗನೇ. ಸ್ಥಾನ ಪಡೆದವನಿಗೆ ಇರುವ ಹೊಣೆಯನ್ನು ವಾರ್ಧಕ ಷಟ್ಪದಿಯ ಆ ಕಥೆ ಹೀಗೆ ಹೇಳುತ್ತದೆ. ಕನ್ನಡ ಸಿನಿಮಾ ಆ ಮಣಿಯನ್ನು ತರಲು ಹೋಯಿತೇ ಎಂದು ಕೇಳಿದರೆ ಹೌದೆನ್ನುವುದು ಕಷ್ಟ. ರಾಜಕುಮಾರರ ಎಲ್ಲ ಹಾಡುಗಳೂ ಅವರದೇ ಕಂಠಕ್ಕೆ ಸಂದ ಮೇಲೆ ಶ್ರೀನಿವಾಸರಿಗೆ ಕನ್ನಡದಲ್ಲಿ ಅವಕಾಶಗಳು ವಿರಳವಾದವು. ಯಾರೂ ಅವರನ್ನು ಅವಮಾನಿಸಲಿಲ್ಲ. ಕರೆಯುವುದು ಕಡಿಮೆಯಾಯಿತು, ಅಷ್ಟೇ. ರಾಜಕುಮಾರರ ಯುಗವೊಂದನ್ನೇ ಗಣನೆಗೆ ತಂದುಕೊಂಡವರು ನಷ್ಟವಾದುದನ್ನು ಕಾಣಲಿಲ್ಲ. ತಗ್ಗು ಸ್ಥಾಯಿಯಲ್ಲಿ, ಹೆಚ್ಚು ಅಲಂಕಾರವಿಲ್ಲದೆ, ದುಃಖವನ್ನು ಹೇಳಿಯೂ ಹೇಳದಂತೆ ಹಾಡುವ ಒಂದು ಬಗೆಯ ಗೀತೆಯೇ ಆಮೇಲೆ ಬೆಳೆಯಲಿಲ್ಲ. ಸಂಗೀತ ನಿರ್ದೇಶಕರು ಬರೆಯುತ್ತಿದ್ದುದು ಈಗ ಬೇರೊಂದು ಗಂಟಲಿಗೆ.

ಆ ಇನ್ನೊಂದು ಗಂಟಲು ಕೊಟ್ಟುದು ಏನೂ ಕಡಿಮೆಯಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. 1992ರ 'ಜೀವನ ಚೈತ್ರ'ದ 'ನಾದಮಯ' ಗೀತೆಗೆ ರಾಜಕುಮಾರರು ಶ್ರೇಷ್ಠ ಹಿನ್ನೆಲೆ ಗಾಯಕರೆಂದು ರಾಷ್ಟ್ರಪ್ರಶಸ್ತಿ ಪಡೆದರು. ಅಲ್ಲಿನ ಏರುಗತಿ, ಅಕ್ಷರ ಅಕ್ಷರವನ್ನೂ ಸಭೆಯ ಕೊನೆಯವನಿಗೆ ಕೇಳಿಸಬೇಕೆಂಬ ಹಟ, ಎಲ್ಲವೂ ಗುಬ್ಬಿ ಕಂಪೆನಿಯ ಕೊಡುಗೆ. ಶ್ರೀನಿವಾಸರ ಕಂಠದಲ್ಲಿ ಆ ಹಾಡು ಹುಟ್ಟುತ್ತಿರಲಿಲ್ಲ. ಹುಟ್ಟಬೇಕಾಗಿಯೂ ಇರಲಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ. ಹಾಡು ಮುಖ್ಯ, ಹಾಡಿದವನು ಯಾರಾದರೇನು? ದಾಸರ ಪದಗಳನ್ನು ನೂರಾರು ವರ್ಷಗಳಿಂದ ಯಾರು ಯಾರೋ ಹಾಡುತ್ತ ಬಂದಿದ್ದಾರೆ, ಮೊದಲು ಹಾಡಿದ ಕಂಠ ಯಾವುದೆಂದು ಯಾರಾದರೂ ಕೇಳುತ್ತಾರೆಯೇ? ಈ ಆಕ್ಷೇಪವನ್ನು ತುಂಗಭದ್ರೆಯ ಎರಡೂ ದಡಗಳವರು ಕೇಳಿದರೆ ಅದಕ್ಕೆ ತೂಕವಿದೆ. ಆಚೆ ದಡದ ರಾಯಚೂರು ಸೀಮೆ ಹರಿದಾಸರ ತವರು: ಚೀಕಲಪರವಿಯ ವಿಜಯದಾಸರು, ಅವರ ಶಿಷ್ಯ ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು. ಈಚೆ ದಡದಲ್ಲಿ ರಾಯರ ಬೃಂದಾವನ. ರಾಯರದೆಂದು ಪರಂಪರೆ ನಂಬಿರುವ ಕನ್ನಡ ಕೀರ್ತನೆಯೊಂದೂ ವೇಣುಗೋಪಾಲನ ಅಂಕಿತದಲ್ಲಿದೆ. ಪಶ್ಚಿಮ ಕರ್ನೂಲಿನ ಭಜನಾ ಮಂಡಳಿಗಳಲ್ಲಿ ಮುಂದೆ ನಿಂತು ಹೇಳಿಕೊಡುವ ಹಿರಿಯರು ತೀರಿಹೋದರೆ ಹಿಂದೆ ತಾಳ ಹಾಕುತ್ತಿದ್ದವರು ಮುಂದೆ ಬರುತ್ತಾರೆ, ಭಜನೆ ನಿಲ್ಲುವುದಿಲ್ಲ.

ನಿಜ. ಆದರೆ ದಾಸರಿಗೆ ಇದ್ದುದು ಹಿನ್ನೆಲೆ ಗಾಯಕನಿಗೆ ಇಲ್ಲ: ಅಂಕಿತ. ವಿಜಯದಾಸರ ಪದವನ್ನು ಯಾರೇ ಹಾಡಲಿ, ಕೊನೆಯ ಚರಣದಲ್ಲಿ 'ವಿಜಯವಿಠಲ' ಬಂದೇ ತೀರುತ್ತದೆ. ಅದು ದೇವರ ಹೆಸರು, ಹೌದು. ಆದರೆ ಆ ಹೆಸರಿನೊಳಗೆ ಪದ ಕಟ್ಟಿದವರೂ ಇದ್ದಾರೆ. ಸಾವಿರ ಕಂಠ ಬದಲಾದರೂ ಕರ್ತೃ ಅಳಿಯದಂತೆ ಹರಿದಾಸ ಪರಂಪರೆ ಮಾಡಿಕೊಂಡ ವ್ಯವಸ್ಥೆ ಅದು. ವಚನಕಾರರಿಗೂ ಅಂಥದೇ ವ್ಯವಸ್ಥೆಯಿತ್ತು. ಹಿನ್ನೆಲೆ ಗಾಯಕನ ಹಾಡಿನಲ್ಲಿ ಅಂಥ ಚರಣವಿಲ್ಲ. ಅವನ ಹೆಸರು ಚಿತ್ರದ ಆರಂಭದಲ್ಲಿ ಒಂದು ಕ್ಷಣ ತೆರೆಯ ಮೇಲೆ ಮಿನುಗಿ ಮಾಯವಾಗುತ್ತದೆ, ಆಗ ಪ್ರೇಕ್ಷಕ ಇನ್ನೂ ಆಸನ ಹುಡುಕುತ್ತಿರುತ್ತಾನೆ. ಮೂರು ನಿಮಿಷದ ಹಾಡಿನುದ್ದಕ್ಕೂ ಕಾಣುವುದು ಬೇರೊಬ್ಬರ ಮುಖ. ಆದುದರಿಂದ 'ಹಾಡಿದವನು ಯಾರಾದರೇನು' ಎಂಬ ಮಾತು ದಾಸರ ಪದಕ್ಕೆ ವೈರಾಗ್ಯ, ಸಿನಿಮಾದ ಹಾಡಿಗೆ ಮರೆವು. ಅಂಕಿತವಿಲ್ಲದವನ ಅಂಕಿತವನ್ನು ಕೇಳುವವರೇ ಹೇಳಬೇಕು.

ಮರೆವಿಗೆ ವಿರುದ್ಧವಾದ ಇನ್ನೊಂದು ದೋಷವೂ ಉಂಟು: ಅನುಕರಣೆ. ಕರಾವಳಿಯ ಯಕ್ಷಗಾನದಲ್ಲಿ ಭಾಗವತನೇ ಮೇಳದ ಮುಖ್ಯ ಕಂಠ. ಸಾಲಿಗ್ರಾಮ ಮೇಳದ ಕಾಳಿಂಗ ನಾವಡರು 1990ರಲ್ಲಿ, ಇನ್ನೂ ಮೂವತ್ತೆರಡು ತುಂಬುವ ಮೊದಲು, ಅಪಘಾತದಲ್ಲಿ ತೀರಿಕೊಂಡಾಗ ಬಡಗುತಿಟ್ಟಿನ ರಂಗಕ್ಕೆ ಆದ ಆಘಾ ತವನ್ನು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಅನಂತರ ಬಂದ ಎಷ್ಟೋ ಭಾಗವತರು ಅವರ ಶೈಲಿಯನ್ನು ಹಿಡಿದರು. ಕೆಲವರು ಅದರೊಳಗಿಂದ ತಮ್ಮ ದನಿಯನ್ನು ಕಂಡುಕೊಂಡರು, ಕೆಲವರು ನೆರಳಾಗಿಯೇ ಉಳಿದರು. ಸಿನಿಮಾ ಹಾಡಿನ ವಾದ್ಯಗೋಷ್ಠಿಗಳಲ್ಲಂತೂ ನೆರಳಿಗೇ ಚಪ್ಪಾಳೆ ಹೆಚ್ಚು: ಥೇಟ್ ಪಿ.ಬಿ.ಎಸ್., ಥೇಟ್ ಅಣ್ಣಾವ್ರು! ಶ್ರೀನಿವಾಸರೂ ರಾಜಕುಮಾರರೂ ಪರಸ್ಪರ ಥೇಟ್ ಆಗಲು ಯತ್ನಿಸಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ.

ಈ ಚರ್ಚೆ ಆದೋನಿಯಲ್ಲಿ ನಡೆಯುವುದಕ್ಕೂ ಮೈಸೂರಿನಲ್ಲಿ ನಡೆಯುವುದಕ್ಕೂ ವ್ಯತ್ಯಾಸವಿದೆ. ಹೊಳಗುಂದಿ, ಹಾಲಹರವಿ, ಕೌತಾಳಂ, ಆಲೂರುಗಳ ಕಡೆಯಿಂದ ಬರುವ ವಿದ್ಯಾರ್ಥಿಗೆ ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತೆಲುಗು. ಅರ್ಜಿ ಬರೆಯುವುದು ತೆಲುಗಿನಲ್ಲಿ, ಜಾತ್ರೆಯಲ್ಲಿ ಹಾಡುವುದು ಎರಡರಲ್ಲೂ. ಅವನ ಸಹಪಾಠಿ ತೆಲುಗು ಮನೆಯವನಾಗಿದ್ದು ಕನ್ನಡವನ್ನು ಕಲಿತು ಬಂದಿರಬಹುದು. ಕರ್ನಾಟಕದ ನಗರಗಳಿಗೆ ಹೋದಾಗ ಈ ಇಬ್ಬರ ಕನ್ನಡವನ್ನೂ 'ಗಡಿಯ ಕನ್ನಡ' ಎಂದು ಒಂದು ನಗೆಯೊಂದಿಗೆ ಗುರುತಿಸುವವರಿದ್ದಾರೆ. ಮೊದಲನೆಯವನು ಮೂಲದವನು, 1953ರ ಒಂದು ಗೆರೆಯಿಂದ ಹೊರಗಿನವನಾದ. ಎರಡನೆಯವನು ಹೊರಗಿನವನು, ಅಭ್ಯಾಸದಿಂದ ಒಳಗಿನವನಾದ. ಮೂಲ ಯಾವುದು, ಬದಲಿ ಯಾವುದು ಎಂದು ರಾಜಕುಮಾರ್-ಶ್ರೀನಿವಾಸರ ವಿಷಯದಲ್ಲಿ ಬೇರ್ಪಡಿಸಲು ಹೋದಾಗ ಎದುರಾಗುವ ಗೊಂದಲ ಇದೇ. 'ಎರವಲು' ಎಂಬ ಮಾತು ಶ್ರೀನಿವಾಸರಿಗೆ ಅನ್ವಯಿಸುವುದಾದರೆ ಅದು ತರಗತಿಯ ಆ ತೆಲುಗು ಹುಡುಗನಿಗೂ ಅನ್ವಯಿಸುತ್ತದೆ. ಅವನು ಬರೆದ ಷಟ್ಪದಿಯ ಪ್ರಸ್ತಾರ ತಪ್ಪಿಲ್ಲದಿದ್ದರೆ, ಅವನ ಳಕಾರ ಸ್ವಸ್ಥಾನದಲ್ಲಿದ್ದರೆ, ಅವನಿಂದ ಇನ್ನೇನು ಪ್ರಮಾಣಪತ್ರ ಬೇಕು?

ನವೆಂಬರ್ ಒಂದರ ಸುಮಾರಿಗೆ ಕೆಲವು ಕಾಲೇಜುಗಳಲ್ಲಿ ಸಿನಿಮಾ ಗೀತೆಗಳ ಸ್ಪರ್ಧೆ ನಡೆಯುತ್ತದೆ. ನಿರೂಪಕರು ಹಾಡಿನ ಹೆಸರು ಹೇಳಿ 'ರಾಜಕುಮಾರ್ ಹಾಡು' ಎನ್ನುತ್ತಾರೆ. ಆ ಜಾಗದಲ್ಲಿ ಚಿತ್ರ, ವರ್ಷ, ಬರೆದವರು, ರಾಗ ಕೂಡಿಸಿದವರು, ಹಾಡಿದವರು ಎಂದು ಐದು ಹೆಸರು ಹೇಳಲು ಹತ್ತು ಸೆಕೆಂಡು ಸಾಕು. ಕನ್ನಡ ವಿಭಾಗದವರು ನಡೆಸುವ ಕಾರ್ಯಕ್ರಮದಲ್ಲಾದರೂ ಅದು ತಪ್ಪಬಾರದು. ಇನ್ನು 'ಬಬ್ರುವಾಹನ'ದ ಆ ಯುದ್ಧಗೀತೆಯನ್ನು ಯಾರಾದರೂ ಆರಿಸಿಕೊಂಡರೆ ಇಬ್ಬರು ಹುಡುಗರು ವೇದಿಕೆಗೆ ಬರಲಿ. ಒಬ್ಬನೇ ನಿಂತು ಎರಡು ದನಿ ಮಾಡಿ ರಂಜಿಸುವ ಮಿಮಿಕ್ರಿಗೆ ಬೇರೆ ಸ್ಪರ್ಧೆಯಿದೆ.